ಬೀಗ ಬಿಡಿಸುವ ಕೈಗಳು

ಸಹೃದಯ ವಾಚಕ ಮಹಾಶಯರೇ, ಇಲ್ಲಿ ನಿವೇದಿಸಲಾಗುವ ಪ್ರಸಂಗವು ಹಳಿಯಾಳದ ಕಾಡಂಚಿನ ಸಿದ್ದಿ ಮನೆಯೊಂದರ ಜಗುಲಿಯಲ್ಲಿ, ಅಂಗೈಯಗಲದ ಮೊಬೈಲ್ ಪರದೆಯ ಮುಂದೆ ಜರುಗಿತು. ಊರೂರು ಅಲೆಯುವ ನನಗೆ ಆ ವಾರ ಮಿಂಗೇಲ್ ಮತ್ತು ಮಾಗ್ದಲೀನಾ ದಂಪತಿಗಳು ಆಶ್ರಯವಿತ್ತಿದ್ದರು. ಮಧ್ಯಾಹ್ನದ ಊಟ ಮುಗಿದ ಮೇಲೆ ಮಾಗ್ದಲೀನಾ ಹಳೆಬಟ್ಟೆಯ ತುಂಡುಗಳನ್ನು ಜೋಡಿಸಿ ಹೊದೆಯುವ ಕೌದಿ ಹೊಲಿಯಲು ಕೂರುತ್ತಿದ್ದಳು. ನಾನು ಮೊಬೈಲನ್ನು ತಂಬಿಗೆಗೆ ಆನಿಸಿಟ್ಟು, ಲೋಕದ ವಿಚಿತ್ರ ಹವ್ಯಾಸಿಗಳ ವಿಡಿಯೊ ಚಾನೆಲ್‌ಗಳನ್ನು ಹುಡುಕಿ ಅವರಿಬ್ಬರಿಗೂ ತೋರಿಸುತ್ತಿದ್ದೆ. ಅಂದು ಮೊದಲು ಬಂದವನು ಹಸುಗಳ ಗೊರಸು ಕೆತ್ತುವವನು.

“ಇದನ್ನ ಲಕ್ಷ ಮಂದಿ ನೋಡ್ಯಾರೇನು?” ಮಿಂಗೇಲ್ ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಿ ಕೇಳಿದ. “ನಮ್ಮ ಹಿತ್ತಲಕ್ಕ ಬಂದಿದ್ರ ನಾ ಪುಕ್ಕಟ ತೋರಸ್ತಿದ್ನಲ್ಲೋ ಮಾರಾಯ.”

“ನೀವು ಗೊರಸು ಕೆತ್ತಿದ್ದು ಯಾವಾಗ? ದನಾ ಕುಂಟಿದ ಮ್ಯಾಲೆ ಅದರ ಮಾರಿ ನೋಡೂದಷ್ಟ ನಿಮಗ ಗೊತ್ತು,” ಎಂದಳು ಮಾಗ್ದಲೀನಾ, ಸೂಜಿಯಿಂದ ಕಣ್ಣೆತ್ತದೆ.

ಆ ಬಳಿಕ ಸಾಬೂನುಗಳನ್ನು ತೆಳ್ಳಗೆ ಹೆರೆದು ರಾಶಿ ಹಾಕುವ ಹೆಂಗಸೊಬ್ಬಳು ಬಂದು ಹೋದಳು. ಅವಳ ಹಿಂದೆಯೇ, ತುಕ್ಕು ಹಿಡಿದ ಹಳೆಯ ಬೀಗಗಳನ್ನು ಬರಿಯ ತಂತಿಯಿಂದ ಬಿಡಿಸಿ, ಉಜ್ಜಿ, ಹೊಳಪು ಬರಿಸುವ ಒಬ್ಬನ ಚಾನೆಲ್ ತೆರೆದುಕೊಂಡಿತು. ಮುಖವಿಲ್ಲ, ಮಾತಿಲ್ಲ, ಎರಡು ಕಪ್ಪು ಕೈಗಳು, ಒಂದು ಬೀಗ, ಅದರಡಿಗೆ ಹಾಸಿದ ಬಣ್ಣಬಣ್ಣದ ಬಟ್ಟೆ. ತಂತಿ ತಿರುಗಿತು. ಬೀಗ ಬಾಯಿ ಬಿಟ್ಟಿತು.

“ತಡೀರಿ ಅಣ್ಣಾ. ಹಿಂದಕ ಒಯ್ರಿ.” ಮಾಗ್ದಲೀನಾ ಸೂಜಿಯನ್ನು ಕೆಳಗಿಟ್ಟಿದ್ದಳು.

ನಾನು ವಿಡಿಯೊವನ್ನು ಹಿಂದಕ್ಕೆ ಸರಿಸಿದೆ. ಆಕೆ ನೋಡುತ್ತಿದ್ದುದು ಬೀಗವನ್ನಲ್ಲ, ಹಾಸಿದ ಬಟ್ಟೆಯನ್ನು.

“ಇದು ನಾ ಹೊಲದ ಕೌದಿ. ಆ ಹಸರ ತುಂಡು ನಮ್ಮವ್ವನ ಸೀರಿ. ಅದರ ಮಗ್ಗಲದ್ದು ಇವರ ಅಂಗಿ.”

ಮಿಂಗೇಲ್ ಪರದೆಗೆ ಮೂಗು ತಾಗುವಂತೆ ಬಗ್ಗಿದ. “ಹೌದು, ನನ್ನ ಅಂಗೀನ. ಇನ್ನೂ ಎರಡ ವರ್ಷ ಬಾಳತಿತ್ತದು.” ಅನಂತರ ಮೆಲ್ಲಗೆ, “ಕೈ ಸೈಮನ್ನಂದು,” ಎಂದ.

ಸೈಮನ್ ಮಾಗ್ದಲೀನಾಳ ತಮ್ಮ. ಎಳವೆಯಿಂದಲೂ ಅವನಿಗೆ ಬೀಗಗಳೇ ಆಟಿಕೆ. ಊರಿನಲ್ಲಿ ಯಾರ ಕೀಲಿಕೈ ಕಳೆದರೂ ಅವನನ್ನೇ ಕರೆಯುತ್ತಿದ್ದರು. ನೆರೆಮನೆಯ ಪೆಟ್ಟಿಗೆಯೊಳಗಿನ ಬೆಂಡೋಲೆ ಕಾಣೆಯಾದಾಗ ಎಲ್ಲರ ಕಣ್ಣೂ ಅವನತ್ತಲೇ ಹೊರಳಿತು. ಮಾಗ್ದಲೀನಾ ಬೈಯಲಿಲ್ಲ, ಹೊಡೆಯಲಿಲ್ಲ, ಒಳಗೆ ಕರೆದು, “ನೀ ತಗದಿಯೇನು?” ಎಂದು ಕೇಳಿದಳು, ಅಷ್ಟೇ. ಅವನು ತಾನು ಹೊದೆಯುತ್ತಿದ್ದ ಕೌದಿಯನ್ನು ಹೆಗಲಿಗೆ ಹಾಕಿಕೊಂಡು ಗೋವೆಯ ಬಸ್ಸು ಹತ್ತಿದ. ಬೆಂಡೋಲೆ ಆಮೇಲೆ ಅದೇ ನೆರೆಮನೆಯ ಅಕ್ಕಿ ಡಬ್ಬಿಯಲ್ಲಿ ಸಿಕ್ಕಿತು. ಸೈಮನ್ ಮರಳಲಿಲ್ಲ, ಎಲ್ಲಿದ್ದಾನೆಂಬುದೂ ತಿಳಿಯಲಿಲ್ಲ.

ವಿಡಿಯೊದ ಕೆಳಗೆ, ಹಳೆಯ ಬೀಗ ಕಳುಹಿಸಬಯಸುವವರಿಗಾಗಿ ಮಡಗಾಂವದ ವಿಳಾಸವೂ ಫೋನ್ ನಂಬರೂ ಇದ್ದವು.

“ಫೋನ್ ಹಚ್ಚಿ ಕೊಡ್ಲೇನಕ್ಕಾ?” ಎಂದೆ.

“ಬ್ಯಾಡ್ರಿ. ಕೇಳಬಾರದ್ದು ಕೇಳಿದ ಬಾಯಿ ಇದು. ಫೋನಿನ್ಯಾಗ ನನ್ನ ದನಿ ಕೇಳಿದ್ರ ಅವಗ ಆ ಮಾತ ನೆನಪಾಗ್ತೈತಿ.”

“ಹಂಗಾರ ಲಕ್ಷ ಮಂದ್ಯಾಗ ಒಬ್ಬಾಕಿ ಆಗಿ ಸುಮ್ನ ನೋಡ್ಕೋತ ಕೂಡ್ತಿಯೇನು?” ಎಂದ ಮಿಂಗೇಲ್.

ಆಕೆ ಪರದೆಯ ಅಂಚಿಗೆ ಬೆರಳಿಟ್ಟಳು. ಅಲ್ಲಿ ಕೌದಿಯ ಒಂದು ಮೂಲೆ ಕಾಣುತ್ತಿತ್ತು. ಸಿದ್ದಿ ಹೆಂಗಸರು ಕೌದಿ ಮುಗಿಸುವಾಗ ಚಿಂದಿಗಳನ್ನು ತ್ರಿಕೋನವಾಗಿ ಮಡಚಿ, ಒಂದರ ಮೇಲೊಂದಿಟ್ಟು, ನಾಲ್ಕು ಮೂಲೆಗೂ ಹೊಲಿಯುತ್ತಾರೆ. ಅದಕ್ಕೆ ಫೂಲ ಎನ್ನುತ್ತಾರೆ. ಫೂಲವಿಲ್ಲದ ಕೌದಿಯನ್ನು ಯಾರಿಗೂ ಹೊದಿಸುವುದಿಲ್ಲ. ಆ ಮೂಲೆಯ ಫೂಲ ಕಿತ್ತುಹೋಗಿ, ದಾರದ ತುದಿಗಳಷ್ಟೇ ಉಳಿದಿದ್ದವು.

“ಬತ್ತಲೆ ಆಗೈತಿ,” ಎಂದಳು. “ಇಂಥಾದ್ದನ್ನ ಹೊಚ್ಚಕೊಂಡು ಮಲಗತಾನ ನೋಡ್ರಿ.”

“ಎಲ್ಲಿ ಹೊಚ್ಚಕೊಂತಾನ, ಎಣ್ಣಿ ಒರಸ್ಯಾನ ಅದಕ್ಕ,” ಎಂದ ಮಿಂಗೇಲ್.

“ಒರಸಲಿ ಬಿಡ್ರಿ. ಬಿಸಾಕಿಲ್ಲಲ್ಲ.”

ನಾನು ಹೇಗೂ ಗೋವೆಯ ದಾರಿ ಹಿಡಿಯುವವನಿದ್ದೆ. ಮರುದಿನ ಬೆಳಿಗ್ಗೆ ನನ್ನ ಚೀಲ ಕಟ್ಟಿ ಹೊರಟಾಗ ಮಾಗ್ದಲೀನಾ ಕಾಗದದ ಒಂದು ಪುಟ್ಟ ಪೊಟ್ಟಣವನ್ನು ಕೈಗಿತ್ತಳು. ಒಳಗೆ ಆಗತಾನೆ ಮಡಚಿ ಹೊಲಿದ ಒಂದು ಫೂಲ; ಅದರ ಮೇಲಿನ ತುಂಡು ಆಕೆ ಉಟ್ಟಿದ್ದ ಸೀರೆಯದೇ. ಅದಕ್ಕೆ ಚುಚ್ಚಿದ ಸೂಜಿಯಲ್ಲಿ ಉದ್ದನೆಯ ಕೆಂಪು ದಾರವಿತ್ತು.

“ಏನಂತ ಹೇಳ್ಲಿ, ಅಕ್ಕಾ?”

“ಏನೂ ಹೇಳಬ್ಯಾಡ್ರಿ, ಕೈಯಾಗ ಕೊಟ್ಟು ಬಿಡ್ರಿ. ದಾರಾ ನಾನ ಪೋಣಿಸೇನಿ. ಅವಗ ಊರಿನ ಕೀಲಿ ಎಲ್ಲಾ ಬಿಚ್ಚಲಿಕ್ಕೆ ಬರ್ತೈತಿ, ಸೂಜಿಗೆ ದಾರಾ ಹಾಕಲಿಕ್ಕೆ ಮಾತ್ರ ಇವತ್ತಿಗೂ ಬರಂಗಿಲ್ಲ.”

ಪೊಟ್ಟಣವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ರಸ್ತೆಗಿಳಿದೆ. ಗೋವೆಯ ಗಡಿಗೆ ಮುನ್ನ ಸಿಗುವ ರಾಮನಗರ ದಾಟುವವರೆಗೂ, ಬಸ್ಸು ಕುಲುಕಿದಾಗಲೆಲ್ಲ ಸೂಜಿಯ ಮೊನೆ ಎದೆಗೆ ಚುಚ್ಚುತ್ತಿತ್ತು. ದಾರ ಕಳಚೀತೆಂದು ನಾನು ಅದನ್ನು ಕದಲಿಸಲಿಲ್ಲ.