ರಾಜನಿಗೊಂದು ಮೈಕು

"ಇದನ್ನ ಇಟ್ಕಳಾಣಲೇ. ಆ ಕರೇದು ಬದನಿಕಾಯಿ ಇದ್ದಂಗೈತಿ" ಎಂದು ದೊಡ್ಡತಿಮ್ಮಪ್ಪ ಬೆಳ್ಳಿಯಂತೆ ಹೊಳೆಯುವ ಮೈಕನ್ನು ಎರಡೂ ಕೈಯಿಂದ ಎತ್ತಿ ಎದೆಗೆ ಒತ್ತಿಕೊಂಡ. ಮೊಮ್ಮಗ ಹರೀಶ್ ರಾಯದುರ್ಗದಿಂದ ಎರಡು ಮೈಕು ತಂದಿದ್ದ. ಸಂಜೆಯೊಳಗೆ ಒಂದನ್ನು ಆರಿಸಿ, ಇನ್ನೊಂದನ್ನು ಅಂಗಡಿಗೆ ವಾಪಸು ಕೊಡಬೇಕಿತ್ತು.

"ತಾತ, ರೂಪ ನೋಡಿ ಆರಿಸಬ್ಯಾಡ್ರಿ. ಅದು ಹೊರಗಷ್ಟ ಹಳೇ ಕಾಲದ್ದು, ಒಳಗ ಹೊಸಾದು. ದೂರದ್ದೂ ಕೇಳಿಸಿಕೆಂತೈತಿ. ಈ ಕರೇದು ಬಾಯಿ ಹತ್ರ ಬಂದದ್ದಷ್ಟ ಕೇಳ್ತೈತಿ."

"ನಿಮ್ಮಜ್ಜೀನೂ ರೂಪ ನೋಡೇ ಆರಿಸಿದ್ನಲೇ. ಏನು ಕೆಟ್ಟಿತು?"

"ನನಗ ಆರಿಸಾಕ ಎರಡು ಇದ್ದಿಲ್ಲಪ್ಪ" ಎಂದಳು ಉಜ್ಜಿನಮ್ಮ, ಜಗಲಿಯ ಮೇಲೆ ಶೇಂಗಾ ಸುಲಿಯುತ್ತ, ತಲೆಯನ್ನೂ ಎತ್ತದೆ.

ಇಷ್ಟೊಂದು ಅವಸರಕ್ಕೆ ಕಾರಣವಿತ್ತು. ಸೋಮವಾರ ದೊಡ್ಡತಿಮ್ಮಪ್ಪನ ಮುಂದಿನ ಹಲ್ಲುಗಳನ್ನೆಲ್ಲ ಕೀಳುವವರಿದ್ದರು. ಗುಮ್ಮಘಟ್ಟದ ಸುತ್ತಮುತ್ತ ಬಯಲಾಟದಲ್ಲಿ ರಾಜನ ಪಾರ್ಟು ಎಂದರೆ ಒಂದು ಕಾಲಕ್ಕೆ ಅವನದೇ. ಮೈಕಿಲ್ಲದೆ ಹಾಡಿದರೂ ಕಡೇ ಸಾಲಿನಲ್ಲಿ ತೂಕಡಿಸುವವರು ಎದ್ದು ಕೂರುತ್ತಿದ್ದರು. ಹಲ್ಲು ಹೋದ ಮೇಲೆ ಪದವೆಲ್ಲಿ, ಬರೀ ಗಾಳಿ! ಅಷ್ಟರೊಳಗೆ ದನಿಯನ್ನು ಉಳಿಸಿಟ್ಟುಕೊಳ್ಳಬೇಕೆಂಬ ಆಸೆ ಪಾಪ, ಅವನಿಗೆ ಅನ್ನವನ್ನೂ ಸೇರಗೊಡುತ್ತಿರಲಿಲ್ಲ.

ಹೊಳೆಯುವ ಮೈಕಿನ ಮುಂದೆ ಅವನು ಬಾಯಿ ತೆರೆದದ್ದೇ ತಡ, ಲ್ಯಾಪ್‌ಟಾಪಿನಲ್ಲಿ ಕೆಂಪು ಗೆರೆ ಚಿಮ್ಮಿತು. ಹರೀಶ್ ಕಿವಿಯಿಂದ ಹೆಡ್‌ಫೋನ್ ಕಿತ್ತುಹಾಕಿದ.

"ದನಿ ಒಡೀತೈತಿ ತಾತ. ಕರೇದ್ರಾಗ ಸಣ್ಣಗ ಹಾಡ್ರಿ, ಪಿಸುಗುಟ್ಟಿದಂಗ."

"ರಾಜ ಎಲ್ಲೆರ ಪಿಸುಗುಡ್ತಾನೇನಲೇ?"

ಆದರೂ ಹಾಡಿದ. ಹಲ್ಲಿನ ಚಿಂತೆ ಎಂಥೆಂಥ ರಾಜರನ್ನೂ ಬಗ್ಗಿಸುತ್ತದೆ. ಹಾಡಿ ಮುಗಿಸಿ, "ಥೂ, ಇದು ನಾನಲ್ಲ" ಎಂದು ಮುಖ ಸಣ್ಣದು ಮಾಡಿದ.

"ಹಂಗಾರ ಹೊಳಿಯೋದನ್ನ ಬಾಗಿಲಾಗ ಇಡ್ತೀನಿ. ನೀವು ಹಿಂದಕ ಸರೀರಿ" ಎಂದ ಹರೀಶ್. ದೊಡ್ಡತಿಮ್ಮಪ್ಪ ಹಾಡುತ್ತ ಜಗಲಿ ಇಳಿದ. ಕೆಂಪು ಹೋಗಲಿಲ್ಲ. ಅಂಗಳ ದಾಟಿದ. ಊಹೂಂ. ಬೀದಿಯಾಚೆಯ ಬೇವಿನ ಮರದ ಬುಡಕ್ಕೆ ಹೋಗಿ ನಿಂತ ಮೇಲೆ ಗೆರೆ ಹಸಿರಾಯಿತು. ಮೈಕು ಮನೆಯಲ್ಲಿ, ರಾಜ ಬೀದಿಯಲ್ಲಿ! ಅಲ್ಲಿಂದ ಅವನು ಕಿವಿಗೆ ಕೈಯಿಟ್ಟು ದನಿ ತೆಗೆದನು ನೋಡಿ, ಎದುರು ಮನೆಯ ಪಾಲಮ್ಮ ಕೊಡ ಕೆಳಗಿಳಿಸಿ ನಿಂತೇಬಿಟ್ಟಳು.

"ಯಾವ್ದು ಇಟ್ಕಳಾಣ ಅಜ್ಜಿ, ನೀನ ಹೇಳು" ಎಂದು ಹರೀಶ್ ಹೆಡ್‌ಫೋನನ್ನು ಉಜ್ಜಿನಮ್ಮನ ಕಿವಿಗೆ ಹಾಕಿದ. ದೊಡ್ಡತಿಮ್ಮಪ್ಪ ಬೇವಿನ ಮರದ ಬುಡದಿಂದಲೇ ಕತ್ತು ಚಾಚಿದ. ಮದುವೆಯಾದಾಗಿನಿಂದ ಈ ಪುಣ್ಯಾತಗಿತ್ತಿ ಅವನ ಹಾಡನ್ನು ಚೆಂದ ಎಂದವಳಲ್ಲ, ಕೆಟ್ಟದು ಎಂದವಳೂ ಅಲ್ಲ.

ಮೊದಲು ಕರಿಯದು. "ಇದ್ಯಾರಪ್ಪ, ಜ್ವರ ಬಂದು ಮಲಗ್ಯಾರೇನು?" ಎಂದಳು.

ಆಮೇಲೆ ಹೊಳೆಯುವುದು. ಶೇಂಗಾ ಸುಲಿಯುತ್ತಿದ್ದ ಕೈ ನಿಂತಿತು. ಕಣ್ಣು ತುಂಬಿ ಬಂದವು. ಕಿವಿ ಮುಚ್ಚಿದ್ದರಿಂದ ಬೀದಿಗೆಲ್ಲ ಕೇಳುವಂತೆ ಹೇಳಿದಳು: "ಇದನ್ನ ಇಡಪ್ಪ. ಆಟದ ರಾತ್ರಿ ಹುಡುಗ್ರನ್ನ ಮಲಗಿಸಿ ನಾನಿಲ್ಲೇ ಕುಂದ್ರುತಿದ್ದೆ. ಆಟದ ಕಟ್ಟಿಯಿಂದ ಹಿಂಗ ಬರ್ತಿತ್ತು ಈ ದನಿ. ಎಷ್ಟು ಚೆಂದಿತ್ತಂದ್ರ, ಕಣ್ಣು ಎಳದ್ರೂ ಒಳಗ ಹೋಗಾಕ ಮನಸ್ಸಾಗ್ತಿದ್ದಿಲ್ಲ."

ದೊಡ್ಡತಿಮ್ಮಪ್ಪ ಓಡಿಬಂದು ಅವಳ ಪಕ್ಕ ಕುಕ್ಕರಿಸಿದ. "ಅಲ್ಲ ಉಜ್ಜಿನೀ, ಇಷ್ಟು ವರ್ಸದಾಗ ಒಂದು ಮಾತರ ಹೇಳಬಾರದಿತ್ತಾ? ಯಾಕ ಹೇಳ್ಲಿಲ್ಲ? ಒಂದ ಒಂದು ಸಲ ಹೇಳಿದ್ದಿದ್ರ ನಾನು..."

ಉಜ್ಜಿನಮ್ಮ ಹೆಡ್‌ಫೋನ್ ತೆಗೆದು ಅವನ ಮುಖ ನೋಡಿದಳು.

"ಮನಿಯಾಗ ನೀವು ಬಾಯಿ ಮುಚ್ಚಿದ್ರ ಅಲ್ಲೇನ್ರಿ ನಾನು ಹೇಳಾದು?"