ಸ್ಟೆಪ್ನಿಯ ಜಾಗ

ಕ್ಯಾಸ್ಪರ್ ಎಂಬ ಊರನ್ನು ದಾಟಿ ಬಯಲಿಗೆ ಬಿದ್ದಿದ್ದರಷ್ಟೆ, ಟ್ರಕ್ಕಿನ ಹಿಂದೆ ಕಟ್ಟಿಕೊಂಡು ಬಂದಿದ್ದ ಟ್ರೇಲರ್ ಮನೆಯ ಬಲಗಡೆಯ ಚಕ್ರ ಢಬ್ಬೆಂದು ಸಿಡಿಯಿತು. ಡೆಲ್ಬರ್ಟ್ ಟ್ರಕ್ಕನ್ನು ಮೆಲ್ಲಗೆ ರಸ್ತೆಯಂಚಿಗೆ ತಂದು ನಿಲ್ಲಿಸಿದ. ಬೆಳಿಗ್ಗೆ ಬಿದ್ದ ಮಳೆಗೆ ನೆಲವೆಲ್ಲ ಕೆಂಪು ರಾಡಿ. ಪಕ್ಕದಲ್ಲಿದ್ದ ಲೊರೀನ್ ಕಿಟಕಿಯಾಚೆ ಜಿಂಕೆಗಳನ್ನು ನೋಡುವವಳಂತೆ ಮುಖ ತಿರುಗಿಸಿಕೊಂಡು ಕೂತಳು. 'ನಾನು ಆಗಲೇ ಹೇಳಿರಲಿಲ್ವಾ' ಎಂಬ ಮಾತು ಇನ್ನೇನು ಅವನ ಬಾಯಿಂದ ಬರುತ್ತದೆಂದು ಕಾದಳು. ಬರಲಿಲ್ಲ. ಅವನು ಟೋಪಿ ಒತ್ತಿ ಹಾಕಿಕೊಂಡು ಕೆಳಗಿಳಿದ.

ಅವರು ಮದುವೆಯಾಗಿ ಎರಡು ತಿಂಗಳಾಗಿತ್ತು. ಇಬ್ಬರಿಗೂ ಎರಡನೆಯ ಮದುವೆ. ಟ್ರೇಲರ್ ಅವಳ ಮೊದಲ ಗಂಡ, ತೀರಿಹೋದ ಗಸ್ ಕೊಂಡದ್ದು. ಸ್ಟೆಪ್ನಿಯನ್ನು, ಅಂದರೆ ಹೆಚ್ಚುವರಿ ಚಕ್ರವನ್ನು, ಅವನು ಅದರ ಹೊಟ್ಟೆಯಡಿ ಕಬ್ಬಿಣದ ತಟ್ಟೆಯಲ್ಲಿ ಬಿಗಿದಿದ್ದ. ಹೊರಡುವ ಮುಂಚೆ ವಾರವಿಡೀ ಅದೇ ವಾಗ್ವಾದ. "ಅಲ್ಲಿದ್ರೆ ಕೆಸರಲ್ಲಿ ತೆವಳ್ಬೇಕು ಕಣೇ. ಹಿಂದಿನ ಬಂಪರ್ ಭಾರ ತಡೆಯಲ್ಲ, ಸರಿ. ಆದ್ರೆ ಮುಂದೆ, ಗ್ಯಾಸ್ ಸಿಲಿಂಡರ್ ಹಿಂದುಗಡೆ ಬೇಕಾದಷ್ಟು ಜಾಗ ಇದೆ" ಎಂದು ಡೆಲ್ಬರ್ಟ್ ತಾನೇ ವೆಲ್ಡ್ ಮಾಡಿ ಒಂದು ಚೌಕಟ್ಟನ್ನೂ ತಯಾರಿಸಿದ್ದ. "ಗಸ್ ಮೊದಲಿಂದ್ಲೂ ಕೆಳಗೇ ಇಟ್ಟಿದ್ದ. ಅದರ ಜಾಗ ಅದೇ" ಎಂದಿದ್ದಳು ಲೊರೀನ್. ಮಾತು ಅಲ್ಲಿಗೆ ಮುಗಿದಿತ್ತು.

ಈಗ ಹೊರಟದ್ದು ಕೆರೆಯ ದಡಕ್ಕೆ. ಪ್ರತಿ ಬೇಸಿಗೆ ಅಲ್ಲಿ ಟ್ರೇಲರ್ ತಂದು ಸೇರುವ ಅವಳ ಹಳೆಯ ಗುಂಪಿನವರೆಲ್ಲ ಗಸ್‌ನನ್ನು ಬಲ್ಲವರು. "ಸ್ಟೆಪ್ನಿ ಗಂಡನ್ನ ಕರ್ಕೊಂಡು ಬಾರೇ, ನೋಡೋಣ!" ಎಂದು ಗೆಳತಿಯೊಬ್ಬಳು ಫೋನಿನಲ್ಲಿ ಕೇಕೆ ಹಾಕಿದ್ದು ಡೆಲ್ಬರ್ಟ್‌ನ ಕಿವಿಗೂ ಬಿದ್ದಿತ್ತು. ಅದಕ್ಕೇ ಅವನು ಹೊಸ ಬಿಳಿ ಅಂಗಿಗೆ ಇಸ್ತ್ರಿ ಮಾಡಿಸಿ ತೊಟ್ಟಿದ್ದ.

"ನಿನ್ನ ಆಪರೇಶನ್ ಮಂಡಿ ಇಟ್ಕೊಂಡು ನೀನು ಅಲ್ಲೇ ನಿಂತಿರು" ಎಂದು ಲೊರೀನ್ ಸ್ಪ್ಯಾನರ್ ಹಿಡಿದು ಟ್ರೇಲರ್ ಕೆಳಗೆ ನುಗ್ಗಿದಳು. ಸ್ವಲ್ಪ ಹೊತ್ತು ಹೊರಗೆ ಬರೀ ಅವಳ ಬೂಟುಗಳು ಕಂಡವು.

"ಡೆಲ್! ಇದಕ್ಕೆ ಗಸ್ ಸರಪಳಿ ಸುತ್ತಿದಾನೆ."

"ಬಿಚ್ಚು ಮತ್ತೆ."

"ಬೀಗಾನೂ ಜಡಿದಿದಾನೆ."

"ಬೀಗದ ಕೈ ಎಲ್ಲಿ?"

"ಅವನ ಕಂದು ಕೋಟಿನ ಒಳಜೇಬಲ್ಲಿರತ್ತೆ."

"ಕೋಟೆಲ್ಲಿದೆ?"

"ಹಾಕಿ ಕಳಿಸಿದ್ವಲ್ಲ."

"ಎಲ್ಲಿಗೆ ಕಳಿಸಿದ್ರಿ?"

"ಎಲ್ಲಿಗೆ ಅಂದ್ರೆ? ಸ್ಮಶಾನಕ್ಕೆ ಮಾರಾಯ! ಅದೇ ಕೋಟಲ್ಲೇ ಅವನನ್ನ ಮಣ್ಣು ಮಾಡಿದ್ದು!"

ಬಿಕ್ಕಿದಂಥ ಸದ್ದು ಕೇಳಿತು. ಬೂಟುಗಳು ಅದುರತೊಡಗಿದವು. ಅಳುತ್ತಿದ್ದಾಳೆಂದುಕೊಂಡ ಡೆಲ್ಬರ್ಟ್, ಟ್ರಕ್ಕಿನಲ್ಲಿದ್ದ ಕಬ್ಬಿಣ ಕೊಯ್ಯುವ ಗರಗಸ ಎತ್ತಿಕೊಂಡವನೇ ಮಂಡಿ ಮರೆತು, ಅಂಗಿ ಮರೆತು, ಕೆಸರಿನಲ್ಲಿ ಅಂಗಾತ ಜಾರಿ ಅವಳ ಪಕ್ಕ ಹೋಗಿ ಮಲಗಿದ. ನೋಡಿದರೆ ಲೊರೀನ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಕಣ್ಣೀರು ಕೆನ್ನೆಯ ಕೆಸರಿನಲ್ಲಿ ದಾರಿ ಮಾಡಿಕೊಂಡು ಕಿವಿಗಿಳಿಯುತ್ತಿತ್ತು.

"ಟೈರ್ ಕದಿಯೋಕೆ ಯಾರಪ್ಪ ಬರ್ತಾರೆ ಇಲ್ಲಿ, ಜಿಂಕೆನಾ? ಪೆದ್ದ! ಅಪ್ಪಟ ಪೆದ್ದ ನನ್ನ ಗಸ್!"

ಗಸ್ ಸತ್ತ ಮೇಲೆ ಅವಳ ಬಾಯಲ್ಲಿ ಅವನ ಬಗ್ಗೆ ಹೊಗಳಿಕೆಯಲ್ಲದೆ ಬೇರೇನೂ ಬಂದಿರಲಿಲ್ಲ. ಡೆಲ್ಬರ್ಟ್‌ಗೆ ಖುಷಿಯಾಗಬೇಕಿತ್ತು. ಆದರೆ ಯಾಕೋ ಆ ಮನುಷ್ಯನ ಪರ ಒಂದು ಮಾತಾಡಬೇಕು ಅನ್ನಿಸಿತು. "ಹಾಗನ್ಬೇಡ ಕಣೇ. ಸರಪಳಿ ನೋಡು, ಒಂದಿಷ್ಟೂ ತುಕ್ಕು ಹಿಡಿದಿಲ್ಲ. ಒಳ್ಳೇ ಮಾಲೇ ತಂದಿದಾನೆ."

"ನೀನು ಯಾರ ಕಡೆ?"

"ಮೊದ್ಲು ಕೊಯ್ಯೋಣ, ಆಮೇಲೆ ಹೇಳ್ತೀನಿ."

ಅವನ ಕೈ ಸೋತಾಗ ಅವಳು, ಅವಳ ಕೈ ಸೋತಾಗ ಅವನು ಗರಗಸ ಎಳೆದರು. ಕೊನೆಗೆ ಕೊಂಡಿ ಕಡಿದು ಟೈರು ರಾಡಿಗೆ ಬಿದ್ದು ಇಬ್ಬರ ಮುಖಕ್ಕೂ ಕೆಸರು ರಾಚಿತು. ಮೊದಲು ಹೊರಗೆ ಬಂದ ಲೊರೀನ್ ಅವನ ಎರಡೂ ಕಾಲು ಹಿಡಿದು, ಸೌದೆ ಎಳೆದ ಹಾಗೆ ಹೊರಗೆಳೆದಳು. ಜಾಕ್ ತರಲು ಟ್ರಕ್ಕಿನ ಹಿಂದೆ ಹತ್ತಿದವಳು ತಾಡಪಾಲು ಸರಿಸಿ ಒಂದು ಕ್ಷಣ ನಿಂತಳು. ಮತ್ತೆ ಅದನ್ನು ಮುಚ್ಚಿ, ಜಾಕ್ ಹಿಡಿದು ಇಳಿದಳು.

ಚಕ್ರ ಬದಲಾಯಿಸಿದ್ದಾಯಿತು. ಸಿಡಿದ ಟೈರನ್ನು ಡೆಲ್ಬರ್ಟ್ ಉರುಳಿಸಿಕೊಂಡು ಮತ್ತೆ ಟ್ರೇಲರಿನ ಹೊಟ್ಟೆಯಡಿಗೇ ಹೊರಟ.

"ಎಲ್ಲಿಗೆ ಒಯ್ತಿದೀಯ?"

"ಅದರ ಜಾಗಕ್ಕೆ."

"ಮತ್ತೆ ತಾಡಪಾಲಿನ ಕೆಳಗೆ ಬಚ್ಚಿಟ್ಕೊಂಡು ಬಂದಿದೀಯಲ್ಲ ಆ ಚೌಕಟ್ಟು, ಅದು?"

ಡೆಲ್ಬರ್ಟ್ ಸಿಕ್ಕಿಬಿದ್ದವನಂತೆ ತಲೆ ಕೆರೆದುಕೊಂಡ. "ಅದು... ಟ್ರಕ್ಕಿಗೆ ಸ್ವಲ್ಪ ಭಾರ ಇರ್ಲಿ ಅಂತ."

ಲೊರೀನ್ ನಗು ತಡೆದುಕೊಂಡು ಟ್ರೇಲರಿನ ಮೆಟ್ಟಿಲು ಹತ್ತಿದಳು. "ನನ್ನನ್ನ ಕೇಳ್ಬೇಡ. ನೀವಿಬ್ರೂ ಗಂಡಂದಿರು ಮಾತಾಡ್ಕೊಂಡು ಏನಾದ್ರೂ ಒಂದು ತೀರ್ಮಾನಕ್ಕೆ ಬನ್ನಿ. ನಾನು ಕಾಫಿ ಮಾಡ್ತೀನಿ" ಎಂದು ಬಾಗಿಲು ಹಾಕಿಕೊಂಡಳು.

ಬಯಲ ಗಾಳಿ ಹುಲ್ಲನ್ನೆಲ್ಲ ಒಂದೇ ಕಡೆಗೆ ಬಾಗಿಸುತ್ತಿತ್ತು. ಡೆಲ್ಬರ್ಟ್ ಅತ್ತಿತ್ತ ನೋಡಿದ. ರಸ್ತೆಯಲ್ಲಿ ಯಾರೂ ಇರಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದು, ಕಷ್ಟಪಟ್ಟು ಬಗ್ಗಿ, ಟ್ರೇಲರಿನಡಿಯ ಖಾಲಿ ತಟ್ಟೆಯ ಕತ್ತಲೆಯತ್ತ ಗಂಟಲು ಸರಿಮಾಡಿಕೊಂಡ.

"ನೋಡಪ್ಪ ಗಸ್, ಜಾಗ ನಿಂದೇ, ಒಪ್ತೀನಿ. ಆದ್ರೆ ಇನ್ಮೇಲೆ ತೆವಳೋನು ನಾನು."