ಏಳು ಅಂಕದ ಬೀದಿ

ಹಾಸಿಗೆ ಹೊಲಿಯುವವಳು ಬಾಗಿಲು ತೆರೆದಾಗ ಹೊಸ್ತಿಲಲ್ಲಿ ಸ್ಥಳಾಂತರ ಯೋಜನೆಯ ಸಲಹೆಗಾರ ನಿಂತಿದ್ದ. ಏಳು ತಿಂಗಳ ಹಿಂದೆ ಇದೇ ಮನುಷ್ಯ ಅವಳನ್ನು, ಅವಳ ಅತ್ತೆಯನ್ನು, ಮಗಳನ್ನು ಬಣ್ಣದ ಗಿರಣಿಯ ಹಿಂದಿನ ಒಂಟಿ ಕೋಣೆಯಿಂದ ಬಿಡಿಸಿ, ಅರ್ಧ ಬಾಡಿಗೆ ಯೋಜನೆಯೇ ಕೊಡುವಂತೆ ಮಾಡಿ, ಈ ಒಳ್ಳೆಯ ಬೀದಿಗೆ ತಂದುಬಿಟ್ಟಿದ್ದ. ಹೊಲಿಗೆ ಯಂತ್ರ ಇಳಿಸಲು ಅಂದು ತಾನೇ ಹೆಗಲು ಕೊಟ್ಟಿದ್ದ. ಇಂದು ಅವನ ಕಂಕುಳಲ್ಲಿ ಮಡಿಸಿದ ರಟ್ಟಿನ ಪೆಟ್ಟಿಗೆಗಳಿದ್ದವು.

“ಅಮ್ಮಾ, ಸಾಮಾನು ಕಟ್ಟಬೇಕಲ್ಲ,” ಎಂದ ನೆಲ ನೋಡುತ್ತ. “ಇದು ಇನ್ಮೇಲೆ ಒಳ್ಳೇ ಬೀದಿ ಅಲ್ಲ.”

ಅವಳು ಅವನ ಭುಜದ ಮೇಲಿಂದ ಹೊರಗೆ ಇಣುಕಿದಳು. ಮರಗಳು ಇದ್ದಲ್ಲೇ ಇದ್ದವು. ಗ್ರಂಥಾಲಯದ ಬಾಗಿಲು ತೆರೆದಿತ್ತು. ಯಾರೋ ನಾಯಿಗೆ ಸ್ವೆಟರ್ ಹಾಕಿ ತಿರುಗಾಡಿಸುತ್ತಿದ್ದರು.

“ಯಾವಾಗಿನಿಂದ?”

“ನೀವು ಬಂದಾಗಿನಿಂದ.”

ಸಲಹೆಗಾರ ಕಡತ ಬಿಚ್ಚಿ ವಿವರಿಸಿದ. ಬೀದಿಗೆ ಹತ್ತಕ್ಕೆ ಏಳು ಅಂಕವಿದ್ದರೆ ಮಾತ್ರ ಯೋಜನೆ ಬಾಡಿಗೆ ಕೊಡುತ್ತದೆ. ಹನ್ನೊಂದು ಮನೆಗಳ ಈ ಬೀದಿಗೆ ಸರಿಯಾಗಿ ಏಳು ಇತ್ತು. ಕೆಲಸವಿಲ್ಲದ ವಯಸ್ಕರು ಹೊಸದಾಗಿ ಒಬ್ಬರು ಸೇರಿದ್ದರಿಂದ ಕಾಲು ಅಂಕ ಕಡಿತವಾಗಿ ಈಗ ಆರೂಮುಕ್ಕಾಲು.

ಇಬ್ಬರೂ ಒಳಗೆ ಹತ್ತಿ ಬಿಡಿಸುತ್ತ ಕೂತಿದ್ದ ಅತ್ತೆಯತ್ತ ತಿರುಗಿದರು.

“ಕೆಲಸ ಮಾಡ್ತಾನೇ ಇದ್ದಾರಲ್ರೀ!”

“ಮನೆಯವರಿಗೆ ಮಾಡಿದ್ರೆ ಅದು ಕೆಲಸ ಅಲ್ಲಮ್ಮ, ಸಹಾಯ.”

“ಅವರಿಗೆ ಎಪ್ಪತ್ತೆರಡು ವರ್ಷ!”

“ಹದಿನೆಂಟು ದಾಟಿದವರೆಲ್ಲ ವಯಸ್ಕರು ಅಂತ ಬರೆದಿದೆ. ಎಲ್ಲಿಗೆ ನಿಲ್ಲಿಸಬೇಕು ಅಂತ ಬರೆದಿಲ್ಲ.” ಅವನ ಮುಖದಲ್ಲಿ ನಿಜವಾದ ಸಂಕಟವಿತ್ತು. ದನಿ ತಗ್ಗಿಸಿ, “ಅಜ್ಜಿ ಒಬ್ಬರೇ ಹಳೇ ಕೋಣೆಗೆ ವಾಪಸ್ ಹೋದ್ರೂ ಸಾಕು. ನೀವಿಬ್ರೂ ಇಲ್ಲೇ ಇರಬಹುದು,” ಎಂದ.

ಅತ್ತೆಗೆ ಕಿವಿ ಮಂದ. ಕಿವಿಯ ಹತ್ತಿರ ಬಂದು ಕೂಗಿದರೂ ಒಂದೊಂದು ಸಲ ಕೇಳಿಸುತ್ತಿರಲಿಲ್ಲ. ಈ ಮಾತು ಮಾತ್ರ ಹೇಗೋ ಕೇಳಿಸಿತು. ಮಡಿಲಿನ ಹತ್ತಿ ಕೊಡವಿ ಎದ್ದು, “ಪಾಪಿ ಸಮುದ್ರ ಹೊಕ್ಕರೂ ಮೊಣಕಾಲುದ್ದ ನೀರು!” ಎನ್ನುತ್ತ ಒಂದು ರಟ್ಟಿನ ಪೆಟ್ಟಿಗೆ ಬಿಡಿಸಿ, ತನ್ನ ಎರಡು ಜೊತೆ ಬಟ್ಟೆ ಅದಕ್ಕೆ ಹಾಕಿದಳು. “ಮಗು ಇಲ್ಲಿ ಲೆಕ್ಕ ಕಲೀತಿದೆ. ನಾನು ಹೋಗ್ತೀನಿ.” ಅದು ನಿಜ. ಹಳೆಯ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರ ಕುರ್ಚಿ ಮೂರು ವರ್ಷದಿಂದ ಖಾಲಿಯಿತ್ತು. ಇಲ್ಲಿ ಕುರ್ಚಿಯ ಮೇಲೆ ಮೇಷ್ಟ್ರೂ ಇದ್ದರು. ಹೋದ ವಾರ ಹುಡುಗಿ ಮೊದಲ ಬಾರಿಗೆ ಲೆಕ್ಕದಲ್ಲಿ ಪಾಸಾಗಿದ್ದಳು.

ಸೊಸೆ ಪೆಟ್ಟಿಗೆಯಿಂದ ಬಟ್ಟೆ ತೆಗೆದು ಮತ್ತೆ ಗೂಟಕ್ಕೆ ನೇತುಹಾಕಿದಳು. “ಅತ್ತೆ ಹೋದ್ರೆ ಮೂರೂ ಜನ ಹೋಗ್ತೀವಿ. ಬರ್ಕೊಳ್ಳಿ.”

ಸಲಹೆಗಾರ ಪೆನ್ನು ತೆಗೆದ. “ಹಾಗಾದ್ರೆ ಮನೆ ಖಾಲಿ ಬೀಳುತ್ತೆ. ಖಾಲಿ ಮನೆಗೆ ಅರ್ಧ ಅಂಕ ಕಡಿತ. ಬೀದಿ ಆರೂವರೆಗೆ ಇಳಿಯುತ್ತೆ.”

“ಯಾವ ಬೀದಿ ಆರೂವರೆ?”

ಗೇಟಿನ ಬಳಿ ಪಕ್ಕದ ಮನೆಯ ಹಲ್ಲಿನ ಡಾಕ್ಟರು ನಿಂತಿದ್ದರು. ಯೋಜನೆಯ ವ್ಯಾನು ತಮ್ಮ ಕಾರಿಗೆ ಅಡ್ಡ ನಿಂತಿದೆಯೆಂದು ಜಗಳಕ್ಕೆ ಬಂದವರು. ಈ ಏಳು ತಿಂಗಳಲ್ಲಿ ಅವರು ಈ ಮನೆಯವರೊಂದಿಗೆ ತುಟಿ ಬಿಚ್ಚಿರಲಿಲ್ಲ. ಸಂಗತಿ ಕೇಳುತ್ತ ಕೇಳುತ್ತ ಅವರ ಮುಖ ಸುಣ್ಣದ ಗೋಡೆಯಾಯಿತು.

“ಆರೂವರೆ ಬೀದೀಲಿ ಮನೆ ಅಂದ್ರೆ ಯಾರ್ರೀ ಮೂಸಿ ನೋಡ್ತಾರೆ? ನಮ್ಮ ಮನೆಗಳ ಬೆಲೆ ಏನಾಗಬೇಕು?” ಒಂದು ಗಳಿಗೆ ಆಕಾಶ ನೋಡಿದರು, ಆಮೇಲೆ ಮುದುಕಿಯನ್ನು ನೋಡಿದರು. “ಅಜ್ಜೀ, ನಿಮಗೆ ಏನು ಕೆಲಸ ಬರುತ್ತೆ?”

“ಆಂ?” ಎಂದಳು ಅತ್ತೆ. ಎದುರು ಮನೆಯ ಕಿಟಕಿಯ ಗಾಜು ಅದುರಿತು.

“ಸಾಕು, ಗೊತ್ತಾಯ್ತು,” ಎಂದರು ಡಾಕ್ಟರು. “ನಾಳೆಯಿಂದ ನನ್ನ ಕ್ಲಿನಿಕ್ಕಲ್ಲಿ ರೋಗಿಗಳನ್ನ ಕೂಗಿ.”

ಸಲಹೆಗಾರ ರಟ್ಟಿನ ಪೆಟ್ಟಿಗೆಯನ್ನೇ ಮೇಜು ಮಾಡಿಕೊಂಡು ನಮೂನೆ ತುಂಬಿದ. ಹುದ್ದೆ: ಕೂಗುವವರು. ಅತ್ತೆ ಹೆಬ್ಬೆಟ್ಟು ಒತ್ತಿದಳು, ಡಾಕ್ಟರು ಸಹಿ ಹಾಕಿದರು, ಬೀದಿ ಮತ್ತೆ ಏಳಕ್ಕೆ ಏರಿತು. ಇನ್ನೇನಾದರೂ ಬದಲಾಗುವ ಮೊದಲೇ ಎಂಬಂತೆ ಅವನು ಪೆಟ್ಟಿಗೆಗಳನ್ನು ಬಾಚಿಕೊಂಡು ವ್ಯಾನು ಹತ್ತಿದ.

ಹೀಗೆ ಅತ್ತೆ ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಮೊದಲ ಸಲ ನೌಕರಿಗೆ ಸೇರಿದಳು. “ಮುಂದಿನೋರು!” ಎಂದು ಕೂಗಿದ ರಭಸಕ್ಕೆ ಮೊದಲ ದಿನವೇ ಇಬ್ಬರ ಹಲ್ಲುನೋವು ತಾನಾಗಿ ಇಳಿದು, ಅವರು ಎದ್ದು ಮನೆಗೆ ಹೋದರು. ಡಾಕ್ಟರು ಹಲ್ಲು ಕಚ್ಚಿಕೊಂಡು ಸಹಿಸಿಕೊಂಡರು. ಇಡೀ ಬೀದಿ ಯಾರ ಗಂಟಲ ಮೇಲೆ ನಿಂತಿದೆಯೆಂಬ ಸುದ್ದಿ ಮನೆಯಿಂದ ಮನೆಗೆ ಹಬ್ಬಿತು.

ಎರಡು ವಾರದ ನಂತರ, ಒಂದು ಚಳಿಯ ಬೆಳಿಗ್ಗೆ, ಕೆಲಸಕ್ಕೆ ಹೊರಟ ಅತ್ತೆ ಗೇಟಿನಲ್ಲಿ ನಿಂತು ಒಂದೇ ಒಂದು ಸಲ ಸೀನಿದಳು. ದಡದಡನೆ ಕಿಟಕಿಗಳು ತೆರೆದವು. “ಅಜ್ಜೀ, ಹುಷಾರಾಗಿದ್ದೀರಾ?” ಒಬ್ಬರು ಶಾಲು ಹಿಡಿದು ಓಡಿ ಬಂದರು, ಇನ್ನೊಬ್ಬರು ಬಿಸಿನೀರು ತಂದರು. ಡಾಕ್ಟರು ಬರಿಗಾಲಲ್ಲೇ ಬಂದು, ಗಾಜಿನ ಪಾತ್ರೆಯನ್ನು ಒಯ್ಯುವಂತೆ ಅವಳನ್ನು ಕೈಹಿಡಿದು ಕ್ಲಿನಿಕ್ಕಿಗೆ ಕರೆದೊಯ್ದರು.

ಸಂಜೆ ಮನೆಗೆ ಬಂದವಳೇ ಅತ್ತೆ ಸೊಸೆಗೆ ಹೇಳಿದಳು: “ಎಂಥ ಒಳ್ಳೇ ಜನ ಕಣೇ! ಆ ಮೂಲೆ ಮನೆಯವರದ್ದು ಮಾತ್ರ ಕಿಟಕಿ ತೆಗೀಲಿಲ್ಲ. ನಾಳೆ ಇನ್ನೂ ಸ್ವಲ್ಪ ಜೋರಾಗಿ ಸೀನ್ತೀನಿ.”